ಗೇರಿನ ಗಾಡಿ, ಎಣ್ಣೆಯ ಗಾಡಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ವರ್ಷವೇ ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದದ್ದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎರಡರಲ್ಲಿ ಯಾವುದನ್ನು ಮೊದಲು ಹೇಳಲಿ ಅಂತ ಈಗಲೂ ನನಗೆ ಗಡಿಬಿಡಿಯಾಗುತ್ತದೆ. ಕೂಸನ್ನೇ ಮೊದಲು ಹೇಳಿಬಿಡುತ್ತೇನೆ. ಹೆಣ್ಣು ಕೂಸು. ತಲೆ ತುಂಬ ಕೂದಲು, ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ. ಹರಪನಹಳ್ಳಿಯ ದವಾಖಾನೆಯಲ್ಲಿ ನರ್ಸಮ್ಮ ಅದನ್ನು ತಂದು ನನ್ನ ಉಡಿಯಲ್ಲಿ ಹಾಕಿದಾಗ ನನಗೆ ನಗು ಬಂತು, ಅಳು ಬಂತು, ಅದರ ಜೊತೆಗೆ ವಿಪರೀತ ಹಸಿವೂ ಆಯಿತು. ಬಸ್‌ಸ್ಟ್ಯಾಂಡಿನ ತನಕ ಹೋಗಿ ಪೇಡೆ ತಂದು ಗುರುತಿದ್ದವರಿಗೂ ಇಲ್ಲದವರಿಗೂ ಹಂಚಿದೆ. ಒಬ್ಬ ಕಂಡಕ್ಟರು, “ಗಂಡೇನಬೇ?” ಅಂತ ಕೇಳಿದ. “ಹೆಣ್ಣಪಾ, ಅದಕ್ಕ ಎರಡು ತಗಾ” ಅಂದೆ.

ಮಗಳನ್ನೂ ಕೂಸನ್ನೂ ಬಾಣಂತನಕ್ಕೆ ಊರಿಗೆ ಕರೆತಂದೆವು. ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ, ಟಾರು ರಸ್ತೆ ಬಿಟ್ಟು ಒಳಗಿರುವ ಊರು ನಮ್ಮದು. ಮನೆಯ ಮುಂದೆ ದೊಡ್ಡ ಅಂಗಳ. ಅಂಗಳದ ಕಡೆಗೆ ಕಿಟಕಿ ಇರುವುದೇ ಬಾಣಂತಿ ಕೋಣೆ. ಆ ಕಿಟಕಿ ಇರದಿದ್ದರೆ ಆ ದಿನಗಳಲ್ಲಿ ನನಗೆ ಹುಚ್ಚೇ ಹಿಡಿಯುತ್ತಿತ್ತು. ಕೈಯಲ್ಲಿ ಕೂಸಿನ ಬಟ್ಟೆ, ಕಣ್ಣು ಅಂಗಳದಲ್ಲಿ. ಕೂಸು ಆಕಳಿಸಿದರೆ ಸಾಕು, ನಾನು ಎದ್ದು ನಿಂತು ಮಗಳನ್ನು ಅಲುಗಾಡಿಸಿ, “ನೋಡ, ನೋಡ, ಹೆಂಗ ಆಕಳಿಸ್ತೈತಿ” ಅಂತ ಎಬ್ಬಿಸುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಕೋಲು ಟಕ್ಕೆಂದರೆ ಮತ್ತೆ ಕಿಟಕಿಗೆ ಓಡುತ್ತಿದ್ದೆ.

ಆ ಕೋಲು ನಮ್ಮ ಮನೆಯವರದು. ಹಿಂದಿನ ಸುಗ್ಗಿಯಲ್ಲಿ ಜೋಳದ ತೆನೆ ತುಂಬಿದ ಬಂಡಿ ಹಳ್ಳದ ದಂಡೆಯಲ್ಲಿ ಮಗುಚಿ ಅವರ ಎಡಗಾಲ ಮೇಲೆ ಬಿದ್ದಿತ್ತು. ಮೂಳೆಯೇನೋ ಕೂಡಿತು, ಆದರೆ ಮೊಣಕಾಲು ಮಡಚದಂತಾಯಿತು. ಸಪಾಟು ನೆಲದ ಮೇಲೆ ಕೋಲು ಊರಿ ನಡೆಯುತ್ತಿದ್ದರು. ಹೆಂಟೆ ಎದ್ದ ಹೊಲದಲ್ಲಿ ನೇಗಿಲಿನ ಹಿಂದೆ ನಡೆಯುವುದು ಮುಗಿದೇ ಹೋಗಿತ್ತು. ಆಳುಮಗ ಹೂಡುತ್ತಿದ್ದ, ಇವರು ಬದುವಿನ ಮೇಲೆ ಕೂತು ಒದರುತ್ತಿದ್ದರು: “ಎಡಕ್ಕ ಬಿಡಲೇ! ಸಾಲು ಹಾವು ಹರದಂಗ ಐತಿ!” ಒದರಿ ಒದರಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದರೆ ಮನೆಯಲ್ಲೂ ಕಾಲು ನಿಲ್ಲುತ್ತಿರಲಿಲ್ಲ. ಈ ಗೂಟದ ಹಗ್ಗ ಬಿಚ್ಚಿ ಆ ಗೂಟಕ್ಕೆ ಹಾಕುವರು. ಎತ್ತಿನ ಕೊರಳ ಗೆಜ್ಜೆ ತೆಗೆದು, ಒರೆಸಿ, ಮತ್ತೆ ಕಟ್ಟುವರು. ಮೊಮ್ಮಗಳನ್ನು ಕೈಗೆ ಕೊಟ್ಟರೆ ಮುಖ ಅರಳುತ್ತಿತ್ತು. ಅರಳಿದ ಮುಖದಲ್ಲೇ, “ತಗಾ ಇದನ್ನ, ಹೊಲಕ್ಕ ಹೋಗಿ ಬರ್ತೀನಿ” ಅಂತ ಎದ್ದುಬಿಡುತ್ತಿದ್ದರು.

ಹೊಲಮನೆಯ ವ್ಯವಹಾರವೆಲ್ಲ ನಮ್ಮ ಭಾವನವರ ಕೈಯಲ್ಲಿತ್ತು, ಇವರ ಅಣ್ಣ. ಒಂದು ಸಣ್ಣ ಟ್ರ್ಯಾಕ್ಟರ್ ತರೋಣ ಅಂದವರು ಅವರೇ. ದೊಡ್ಡದು ನಮ್ಮ ಹೊಲದ ಬದುಗಳ ನಡುವೆ ತಿರುಗುವುದಿಲ್ಲ. ಅಂದ ದಿನವೇ ನಮ್ಮ ಮನೆಯವರು, “ಹೊಡಿಯೋನು ನಾನ” ಅಂದರು. ಭಾವನವರು ತಮ್ಮನ ಕಾಲು ನೋಡಿದರು.

ಅಂಗಳಕ್ಕೆ ಎರಡು ಗಾಡಿ ಬಂದವು. ಬೆಲೆಯಲ್ಲಿ ಅಂಥ ಫರಕೇನೂ ಇರಲಿಲ್ಲ, ಒಂದು ಹೊಸದು, ಒಂದು ಬಳಸಿದ್ದು. ಹೊಸದು ಹರಪನಹಳ್ಳಿಯ ಅಂಗಡಿಯಿಂದ, ಗೇರಿನ ಗಾಡಿ. ಹತ್ತಿರದ ಊರುಗಳಲ್ಲೆಲ್ಲ ಓಡಾಡುತ್ತಿದ್ದಂಥದ್ದೇ. ಎಡಗಾಲಲ್ಲಿ ಕ್ಲಚ್ ತುಳಿಯಬೇಕು, ಕೈಯಲ್ಲಿ ಗೇರು ಹಾಕಬೇಕು. ಇನ್ನೊಂದು ಹಡಗಲಿ ಕಡೆಯ ತೋಟದ ಸಾಹುಕಾರರು ಪರದೇಶದಿಂದ ತರಿಸಿ, ಕೆಲವು ವರ್ಷ ಓಡಿಸಿ, ಈಗ ಮಾರಬೇಕೆಂದಿದ್ದ ಕುಳ್ಳ ಗಾಡಿ. ಅದಕ್ಕೆ ಗೇರೇ ಇಲ್ಲ, ಕ್ಲಚ್ಚಿನ ಕೆಲಸವೂ ಇಲ್ಲ. ಬಲಗಾಲಿಗೆ ಒಂದೇ ಪೆಡಲು. ಮುಂಗಾಲಿನಿಂದ ಒತ್ತಿದರೆ ಮುಂದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದೆ, ಹೆಚ್ಚು ಒತ್ತಿದಷ್ಟೂ ಜೋರು, ಕಾಲು ಪೂರ್ತಿ ತೆಗೆದರೆ ನಿಂತಿತು. ಸಾಹುಕಾರರ ಡ್ರೈವರು ಅದನ್ನು ನಮ್ಮಲ್ಲಿ ತಂದು ಬಿಟ್ಟು, ‘ಹೈಡ್ರೋಸ್ಟಾಟಿಕ್’ ಅಂತ ಏನೋ ಹೆಸರು ಹೇಳಿ, ನಾಲ್ಕು ದಿನ ಓಡಿಸಿ ನೋಡಿರಿ ಅಂದು ಹೋದ. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಒಳಗೆ ಒಂದು ಪಂಪು ಎಣ್ಣೆ ದೂಡುತ್ತದೆ, ಆ ಎಣ್ಣೆಯ ಒತ್ತಡದಿಂದ ಗಾಲಿ ತಿರುಗುತ್ತದೆ ಅಂತ ತಿಳಿದ ಮೇಲೆ ಎಲ್ಲರೂ ಎಣ್ಣೆ ಗಾಡಿ ಅಂದರು.

ನಮ್ಮ ಮನೆಯವರು ಎಣ್ಣೆ ಗಾಡಿಯ ಸುತ್ತಲೇ ಸುತ್ತತೊಡಗಿದರು. ಆದರೆ ಭಾವನವರಿಗೆ ಗೇರಿನದರ ಮೇಲೆ ಮನಸ್ಸು. ಕೊಟ್ಟೂರಿನ ಮಿಸ್ತ್ರಿ ಸಾಹೇಬರನ್ನು ಕರೆಸಿದರು. ನಮ್ಮ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದವರು ಅವರೇ. ಅವರು ಗೇರಿನ ಗಾಡಿಯ ಕ್ಲಚ್ಚಿಗೆ ಒಂದು ಉದ್ದನೆಯ ಪೈಪು ಕಟ್ಟಿ, “ಕಾಲಿಂದ ಬ್ಯಾಡ ಅಣ್ಣಾರ, ಕೈಯಿಂದ ಒತ್ತಿ ನೋಡ್ರಿ” ಅಂದರು.

ಇವರು ಸೀಟಿನ ಮೇಲೆ ಕೂತು, “ಒಂದು ಕೈ ಪೈಪಿಗೆ, ಒಂದು ಕೈ ಗೇರಿಗೆ. ಸ್ಟೇರಿಂಗ್ ಹಲ್ಲಿಂದ ಹಿಡೀಲೇನ್ರಿ ಮಿಸ್ತ್ರಿ?” ಅಂತ ಕೇಳಿದರು.

“ಹಲ್ಲು ಗಟ್ಟಿ ಅದಾವಲ್ರಿ, ಹಿಡೀರಿ.”

ಕೈ ಜಾರಿ ಪೈಪು ಮೇಲೆದ್ದಿತು, ಗಾಡಿ ಎಗರಿ ಹೋಗಿ ಮೇವಿನ ಬಣವೆಗೆ ಮುಖ ಇಟ್ಟು ನಿಂತಿತು. ಎಲ್ಲರೂ ನಕ್ಕರು. ಇವರೂ ನಕ್ಕರು. ಇಳಿಯುವಾಗ ಮಾತ್ರ ಯಾರ ಕೈಯನ್ನೂ ಹಿಡಿಯಲಿಲ್ಲ.

ಮರುದಿನ ಭಾವನವರು ಯಾವುದೋ ಕೆಲಸಕ್ಕೆ ಹರಪನಹಳ್ಳಿಗೆ ಹೋಗಿದ್ದರು. ಇವರು ಎಣ್ಣೆ ಗಾಡಿಗೆ ಗೊಬ್ಬರದ ಬಂಡಿ ಕಟ್ಟಿಕೊಂಡು ತಿಪ್ಪೆಗುಂಡಿಯಿಂದ ಮೇಲೆ ಬಂದರು. ನಾನು ಕಿಟಕಿಯಲ್ಲಿದ್ದೆ. ರೂಢಿಯಿಲ್ಲದ ಗಾಡಿ, ಪರರ ಗಾಡಿ, ಹಿಂದಿನ ದಿನದ ಭಯ ಬೇರೆ. ಮೊಸರಿನ ಗಡಿಗೆಯ ಮೇಲೆ ಕಾಲಿಟ್ಟವರ ಹಾಗೆ ಪೆಡಲಿಗೆ ಕಾಲು ಸೋಕಿಸಿದ್ದರು. ಗಾಡಿ ಗುಂಯ್ ಅಂತ, ಬಸುರಿ ಮೆಟ್ಟಿಲೇರಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಏರಿತು. ಮೇಲೆ ಬಂದು ಇವರು ಕಿಟಕಿಯತ್ತ ನೋಡಿದ ನೋಟ! ಮದುವೆಯ ದಿನವೂ ಹಾಗೆ ನೋಡಿರಲಿಲ್ಲ. ನಾನು ಕೂಸನ್ನು ಎತ್ತಿ ತೋರಿಸಿ, “ನಿಮ್ಮಜ್ಜ ನೋಡಬೇ, ನಿಮ್ಮಜ್ಜ!” ಅಂತ ಕುಣಿದೆ. ಮಗಳು, “ಯವ್ವಾ, ಕೂಸಿನ ಕುತ್ತಿಗಿ ಹಿಡಕೋ” ಅಂತ ಬೈದಳು.

ಭಾವನವರು ಬಂದರು. ಅವರಿಗೆ ಕಣ್ಣಾರೆ ಪರೀಕ್ಷೆ ಆಗಬೇಕು. ನಮ್ಮ ಕಡೆ ಎತ್ತು ಕೊಳ್ಳುವಾಗ ಒಂದು ರೂಢಿ ಇತ್ತು. ಬಂಡಿ ತುಂಬಿಸಿ, ಗಾಲಿ ಉರುಳದ ಹಾಗೆ ಹಗ್ಗದಿಂದ ಬಿಗಿದು, ಆ ಬಂಡಿಯನ್ನು ಎತ್ತುಗಳಿಂದ ಎಳೆಸುವುದು. ಎದೆ ಕೊಟ್ಟು ಎಳೆದರೆ ಎತ್ತು, ಇಲ್ಲದಿದ್ದರೆ ಸಂತೆಗೆ ವಾಪಸ್. ಭಾವನವರು ಟ್ರ್ಯಾಕ್ಟರಿಗೂ ಅದನ್ನೇ ಹಚ್ಚಿದರು. ಮರುದಿನ ಬಂಡಿಗೆ ಗರಸು ಮಣ್ಣಿನ ಚೀಲ ತುಂಬಿಸಿ, ಗಾಲಿ ಬಿಗಿಸಿದರು. ಓಣಿಯ ಮಂದಿ ಬಂದು ಕಟ್ಟೆಯ ಮೇಲೆಲ್ಲ ಕೂತರು.

ಮೊದಲು ಗೇರಿನ ಗಾಡಿ. ಅಂಗಡಿಯವನೇ ಕೂತು, ಸಣ್ಣ ಗೇರು ಹಾಕಿ ಬಿಟ್ಟ. ಅದು ಗುಡುಗಿ, ಕಪ್ಪು ಹೊಗೆ ಕಾರಿ, ಬಂಡಿಯನ್ನು ದರದರ ಎಳೆದುಕೊಂಡು ಹೋಯಿತು. ಅಂಗಳದಲ್ಲಿ ಗಾಲಿ ಎಳೆದ ಎರಡು ಗೀರು ಬಿದ್ದವು. ಮಂದಿ ಸಿಳ್ಳೆ ಹೊಡೆದರು.

ಆಮೇಲೆ ಎಣ್ಣೆ ಗಾಡಿ. ನಮ್ಮ ಮನೆಯವರು ಮುಂದೆ ಬಂದರು. ಭಾವನವರು, “ನಿಂದ್ರು ತಮ್ಮ, ನಾನ ನೋಡ್ತೀನಿ” ಅಂತ ತಾವೇ ಹತ್ತಿದರು. ಪೆಡಲು ಒತ್ತಿದರು. ಬಂಡಿ ಅಲುಗಲಿಲ್ಲ. ಇನ್ನಷ್ಟು ಒತ್ತಿದರು.

“ಒತ್ತ್ರಿ ಗೌಡ್ರ, ಇನ್ನಾ ಒತ್ತ್ರಿ!” ಅಂತ ಕಟ್ಟೆಯ ಮೇಲಿನವರು.

ಭಾವನವರು ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿದರು. ಇಂಜಿನ್ನು ನರಳಿ, ಕೆಮ್ಮಿ, ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂಲೆಯಿಂದ ಯಾರೋ, “ಇದಕ್ಕ ಬಾರುಕೋಲು ತರ್ರಲೇ” ಅಂದ. ಅಂಗಳವೆಲ್ಲ ನಗೆ.

ಭಾವನವರು ಇಳಿದು ಧೋತರ ಝಾಡಿಸಿಕೊಂಡು, “ಇದು ತೋಟದಾಗ ಹುಲ್ಲು ಕೊಯ್ಯಾಕ ಸರಿ. ನಾಳೆ ಮುಂಜಾನೆ ಹರಪನಹಳ್ಳಿಗೆ ಹೋಗಿ ಗೇರಿಂದಕ್ಕ ರೊಕ್ಕ ಕಟ್ಟಿ ಬರ್ತೀನಿ. ಒಬ್ಬ ಡ್ರೈವರ್ ಇಟ್ಕೊಳ್ಳೋಣು” ಅಂದರು.

ನಮ್ಮ ಮನೆಯವರು, “ಆತಣ್ಣ” ಅಂದರು. ಅಷ್ಟೇ. ನಾನು ಕಿಟಕಿಯ ಸರಳು ಹಿಡಿದು ನಿಂತೇ ಇದ್ದೆ. ಒದರುವವರು ಒದರದಿದ್ದರೆ ಹೆದರಿಕೆಯಾಗುತ್ತದೆ. ಇನ್ನು ಜೀವ ಇರುವ ತನಕ ಬದುವಿನ ಮೇಲೆ ಕೂರುವುದಕ್ಕೆ ಆ ಮನುಷ್ಯ ಒಪ್ಪಿಬಿಟ್ಟರು ಅಂತ ಅನ್ನಿಸಿತು.

ಅವತ್ತೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿದ್ದನ್ನು ಮರೆತು ಎರಡು ಸಲ ಹಚ್ಚಿದೆ. ಸಾರಿಗೆ ಉಪ್ಪು ಹಾಕಲಿಲ್ಲ. ತಲೆಯಲ್ಲಿ ಒಂದೇ ಮಾತು: ಗೊಬ್ಬರ ತುಂಬಿದ ಬಂಡಿಯನ್ನು ತಿಪ್ಪೆಗುಂಡಿಯ ಏರಿನಲ್ಲಿ ಎಳೆದ ಗಾಡಿ ಸಪಾಟು ಅಂಗಳದಲ್ಲಿ ಯಾಕೆ ಸತ್ತಿತು? ಬಂಡಿ ಅದೇ, ಗಾಡಿ ಅದೇ. ಗಾಲಿ ಕಟ್ಟಿದ್ದಕ್ಕೆ ಭಾರ ಹೆಚ್ಚು, ಒಪ್ಪಿದೆ. ಆದರೂ ಒಂದು ಗೇಣಾದರೂ ಅಲುಗಬೇಡವೇ? ನೀರು ತರಲು ಹೋಗುವಾಗ, ಬರುವಾಗ, ಅದನ್ನೇ ತಿರುವಿ ತಿರುವಿ ನೋಡಿದೆ. ಕೊನೆಗೆ ಕಣ್ಣ ಮುಂದೆ ಬಂದದ್ದು ಎರಡು ಕಾಲು. ಅಂಜಿ ಸೋಕಿಸಿದ ಕಾಲು, ಸಿಟ್ಟಿನಿಂದ ತುಳಿದ ಕಾಲು. ಎತ್ತಾದರೆ ಎಳೆಯದಿದ್ದಾಗ ಇನ್ನಷ್ಟು ತಿವಿಯುತ್ತೇವೆ. ಇದು ತಿವಿದಷ್ಟೂ ಓಡಲು ನೋಡುತ್ತದೆ, ಎಳೆಯಲು ನೋಡುವುದಿಲ್ಲ. ಭಾರ ಇದ್ದಾಗ ಕಾಲು ಸಡಿಲಿಸಬೇಕು, ಒತ್ತಬಾರದು!

ತಿಳಿದದ್ದೇನೋ ತಿಳಿಯಿತು. ಹೇಳುವುದು ಹೇಗೆ? ನಮ್ಮ ಮನೆಯವರಿಗೆ ಹೇಳಿದರೆ, “ಮುಗೀತಲ್ಲ, ಅಣ್ಣ ಹೇಳ್ಯಾನ” ಅಂದು ಮುಖ ತಿರುವಿದರು. ಭಾವನವರಿಗೇ ಹೇಳಬೇಕು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಸೆರಗು ಮುಂದೆ ಎಳೆದುಕೊಂಡು, ಬಾಗಿಲ ಮರೆಗೆ ನಿಂತು, ಮಕ್ಕಳ ಬಾಯಿಂದ ಹೇಳಿಸಬೇಕು. ಮದುವೆಯಾಗಿ ಬಂದಾಗಿನಿಂದ ಅವರೊಡನೆ ನಾನು ಒಂದು ಮಾತೂ ಆಡಿದವಳಲ್ಲ. ನಮ್ಮ ಮಕ್ಕಳೆಲ್ಲ ದೊಡ್ಡವರಾಗಿದ್ದರು. ಮನೆಯಲ್ಲಿದ್ದ ಒಂದೇ ಮಗು ಅಂದರೆ ಇನ್ನೂ ಕುತ್ತಿಗೆ ನಿಲ್ಲದ ನನ್ನ ಬಂಗಾರ.

ಮುಂಜಾನೆ ಭಾವನವರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಬಸ್ಸಿನ ಹೊತ್ತು. ಕೂಸಿಗೆ ಎಳೆಬಿಸಿಲು ಕಾಯಿಸುವ ನೆಪ ಮಾಡಿ ಬಾಗಿಲ ಮರೆಗೆ ನಿಂತೆ.

“ಕೂಸೇ, ನಿಮ್ಮ ದೊಡ್ಡಜ್ಜಗ ಹೇಳವ್ವಾ. ಎಣ್ಣಿ ಗಾಡಿ ಎಳಿಲಿಲ್ಲ ಅಂತ ಬಿಡಬ್ಯಾಡ್ರಿ. ಒತ್ತಿದ್ದು ಹೆಚ್ಚಾತು.”

ಭಾವನವರು ತಿರುಗಲಿಲ್ಲ. ಬಸಿಯಲ್ಲಿ ಚಹಾ ಆರಿಸುತ್ತ, “ಕೂಸೇ, ನಿಮ್ಮಜ್ಜಿಗೆ ಹೇಳು. ಎಳಸೋದು ನನಗ ಯಾರೂ ಕಲಸಬೇಕಾಗಿಲ್ಲ” ಅಂದರು.

“ಎತ್ತು ಬ್ಯಾರೆ, ಎಣ್ಣಿ ಬ್ಯಾರೆ ಅಂತ ಹೇಳವ್ವಾ. ಮೊನ್ನಿ ನಿಮ್ಮಜ್ಜ ಗೊಬ್ಬರದ ಬಂಡಿ ಏರಿಸಿದ್ದು ನಾನು ನೋಡೀನಿ. ಕಾಲು ಸೋಕಿಸಿದ್ರು, ಒತ್ತಿದ್ದಿಲ್ಲ.”

“ಬಾಣಂತಿ ಕೋಣ್ಯಾಗ ಕುಂತು ನಿಮ್ಮಜ್ಜಿ ಮಿಸ್ತ್ರಿ ಆಗ್ಯಾಳೇನು ಕೇಳು.”

ಒಳಗಿನಿಂದ ಮಗಳು, “ಯವ್ವಾ, ಅದರ ಬಾಯಾಗ ಎಷ್ಟು ಮಾತು ತುರುಕ್ತೀ? ಹಾಲಿಗೆ ಜಾಗ ಬಿಡು” ಅಂದಳು. ನನಗೆ ನಗು ತಡೆಯಲಾಗಲಿಲ್ಲ.

“ಇನ್ನೊಮ್ಮಿ ನೋಡ್ರಿ ಅಂತ ಹೇಳವ್ವಾ. ನಿಮ್ಮಜ್ಜ ಹೊಡೀಲಿ. ಎಳಿಲಿಲ್ಲ ಅಂದ್ರ ಗೇರಿಂದ ತರ್ರಿ, ನಾವು ಸೊಲ್ಲೆತ್ತಂಗಿಲ್ಲ. ಡ್ರೈವರ್ ಇಟ್ರ ಹೊಲ ಹಸನಾಗತೈತಿ, ಆದ್ರ ನಿಮ್ಮಜ್ಜ ಆಗಂಗಿಲ್ಲ.”

ಈ ಕೊನೆಯ ಮಾತು ನಾನು ಯೋಚನೆ ಮಾಡಿ ಆಡಿದ್ದಲ್ಲ. ಭಾವನವರು ಬಸಿ ಕೆಳಗಿಟ್ಟರು. ಬಸ್ಸಿನ ಹಾರ್ನು ದೂರದಲ್ಲಿ ಕೇಳಿಸಿತು.

“ಕೂಸೇ,” ಅಂದರು ಭಾವನವರು, “ಬಸ್ಸು ಸಂಜಿಗೂ ಐತಿ.”

ಮತ್ತೆ ಬಂಡಿ ಬಿಗಿದರು. ಈ ಸಲ ಮಿಸ್ತ್ರಿಯೂ, ಗೇರಿನ ಗಾಡಿಯ ಅಂಗಡಿಯವನೂ ಬಂದಿದ್ದರು. ನಮ್ಮ ಮನೆಯವರು ಬಲಗಾಲಿಟ್ಟು ಹತ್ತಿ, ಎಡಗಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟುಕೊಂಡರು. ನಾನು ಮೊದಲೇ ಹೇಳಿಯೇ ಇದ್ದೆ. ಆದರೂ ಮಂದಿ “ಒತ್ತು, ಒತ್ತು” ಅಂದ ಕೂಡಲೇ ಅವರ ಕಾಲು ತಾನೇ ಇಳಿಯಿತು. ಇಂಜಿನ್ನು ನರಳತೊಡಗಿತು. ನನಗೆ ಭಾವ, ಸೆರಗು, ಬಾಗಿಲು ಯಾವುದೂ ನೆನಪಾಗಲಿಲ್ಲ. ಕೂಸನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿ ಒದರಿದೆ:

“ಕಾಲು ತಗೀರೀ! ಮ್ಯಾಲ ತಗೀರಿ ಕಾಲು!”

ಅವರು ಬೆಚ್ಚಿ ಕಾಲು ಸಡಿಲಿಸಿದರು. ಇಂಜಿನ್ನಿನ ನರಳಿಕೆ ನಿಂತು ದನಿ ಗಟ್ಟಿಯಾಯಿತು. ಹಗ್ಗ ಜಗ್ಗಿತು. ಬಂಡಿ ಕಿರ್ ಅಂದಿತು. ಆಮೇಲೆ, ಇರುವೆ ಸಕ್ಕರೆ ಎಳೆದಷ್ಟೇ ನಿಧಾನವಾಗಿ, ಗಾಲಿ ಬಿಗಿದ ಬಂಡಿ ಅಂಗಳವನ್ನು ಗೀರುತ್ತ ಮುಂದೆ ಬಂತು. ಸಿಳ್ಳೆ ಯಾರೂ ಹೊಡೆಯಲಿಲ್ಲ. ಬಾಯಿ ತೆರೆದು ನೋಡುತ್ತಿದ್ದರು. ಕೂಸು ಒಂದು ಸೀನು ಸೀನಿತು.

ಅಲ್ಲಿಗೆ ಮುಗಿಯಲಿಲ್ಲ. ಭಾವನವರು ಮಿಸ್ತ್ರಿಯನ್ನು, “ಖರೇ ಹೇಳ್ರಿ” ಅಂತ ಕೇಳಿದರು. ಮಿಸ್ತ್ರಿ ಗಡ್ಡ ಕೆರೆದುಕೊಂಡು, “ಗೇರಿಂದು ಕೆಟ್ರ ನಾನ ಬಿಚ್ಚಿ ಕೂಡಸ್ತೀನ್ರಿ. ಇದರ ಪಂಪು ನಾನು ಬಿಚ್ಚಿ ಕಂಡಿಲ್ಲ. ಎಣ್ಣ್ಯಾಗ ಒಂದು ಉಸುಕಿನ ಹಳ್ಳು ಹೊಕ್ರ ಕೆಲಸ ಕೆಟ್ಟಂಗ. ಬಿಸಿಲಿಗೆ ಎಣ್ಣಿ ಕಾದ್ರ ಶಕ್ತಿ ಇಳಿತೈತಿ. ಎರೆ ಹೊಲದಾಗ ಆಳಕ್ಕ ರೆಂಟಿ ನೇಗಿಲು ಹೊಡ್ಯಾಕ ಇದು ಸಾಲಂಗಿಲ್ಲ. ಹರಗಾಕ, ಬಿತ್ತಾಕ, ಬಂಡಿಗೆ ಆತು” ಅಂದರು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಭಾವನವರು ತಮ್ಮನ ಕಡೆ ತಿರುಗಿದರು. “ಕೇಳಿದೆಲ್ಲ? ಕೆಟ್ಟ ದಿನ ಏನ್ಮಾಡ್ತಿ?”

“ಕೆಡೋತನಕ ಹೊಡೀತೀನಣ್ಣ.”

ಆಮೇಲೆ ಭಾವನವರು ಅಂಗಡಿಯವನಿಗೆ, “ನಿನ್ನ ಗಾಡಿ ಚಲೋ ಐತಪಾ. ನಮಗ ಕಾಲಿಲ್ಲ” ಅಂದರು. ‘ನಮಗೆ’ ಅಂದರು. ಆಳದ ಗೇಯ್ಮೆಗೆ ಎತ್ತಿನ ಜೋಡಿ ಹಾಗೇ ಇರಲಿ, ಉಳಿದದ್ದಕ್ಕೆಲ್ಲ ಎಣ್ಣೆ ಗಾಡಿ ಅಂತ ಆಯಿತು.

ಮಳೆ ಬಿದ್ದು ಹದ ಬಂತು. ಜೋಳದ ಬಿತ್ತನೆ. ಕೂರಿಗೆಯನ್ನು ಎಣ್ಣೆ ಗಾಡಿಗೆ ಕಟ್ಟಿದರು, ಆಳುಮಗ ಕೂರಿಗೆ ಒತ್ತಿ ಹಿಡಿದ. ಕೂರಿಗೆಯ ಮೇಲಿನ ಬಟ್ಟಲಿಗೆ ಬೀಜ ಬಿಡುವವಳು ನಾನು. ಕೂಸನ್ನು ಮಗಳ ಹತ್ತಿರ ಬಿಟ್ಟು ಬಂದಿದ್ದೆ, ಜೀವ ಅರ್ಧ ಅಲ್ಲೇ. ಬೀಜ ಬಿಡುವ ಕೈಗೆ ಒಂದು ಲಯ ಇರುತ್ತದೆ. ಮುಂದೆ ಎಳೆಯುವುದು ಓಡಿದರೆ ಕಾಳು ವಿರಳ, ತಡೆದರೆ ಕಾಳು ಗುಂಪು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಟ್ಟಲಿನ ಮೇಲೆ ಮುಷ್ಟಿ ಹಿಡಿದು ನಿಂತೆ.

ಇವರು ಕುತ್ತಿಗೆ ಹೊರಳಿಸಿ, “ನಡಿಗಿ ಸರಿ ಐತೇನ?” ಅಂತ ಕೇಳಿದರು.

“ತುಸು ತಡೀರಿ. ಹಾಂ. ಹಿಂಗ. ಹಿಂಗ ನಡೀರಿ.”

ಹಿಂದೆ ನಾನು ನಡೆದಷ್ಟೇ ಮುಂದೆ ಗಾಡಿ ನಡೆಯಿತು. ಗೇರು ಬದಲಿಸುವ ಜಗ್ಗಾಟವಿಲ್ಲ, ಎಗರುವುದಿಲ್ಲ. ನಾನು ಕಲ್ಲು ಎಡವಿ ನಿಂತರೆ ಅದೂ ನಿಲ್ಲುತ್ತಿತ್ತು. ಸಾಲಿನ ಕೊನೆಯಲ್ಲಿ ಇವರು ಯಾರನ್ನೂ ಕೂಗದೆ, ಯಾರ ನೆರವೂ ಕೇಳದೆ, ಬದುವಿನ ಪಕ್ಕದಲ್ಲೇ ಹಿಮ್ಮಡಿ ಒತ್ತಿ, ಮುಂಗಾಲು ಒತ್ತಿ, ತಿರುಗಿಸಿಕೊಂಡು ಹೊಸ ಸಾಲಿಗೆ ಬಂದರು. ಹಿಂದೆ ನೋಡಿದೆ. ಸಾಲು ನೂಲು ಹಿಡಿದಂತಿತ್ತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಆಳುಮಗ ಮಾತ್ರ, “ಅವ್ವಾರ, ಬೀಜ ನೋಡಿ ಬಿಡ್ರಿ” ಅಂದ.

ಊಟದ ಹೊತ್ತಾಯಿತು. ಗಿಡದ ನೆರಳಿಗೆ ಬರಲು ಕರೆದೆ. ಇವರು ಸೀಟು ಬಿಟ್ಟು ಇಳಿಯಲಿಲ್ಲ. ಹತ್ತಿ ಇಳಿಯುವುದು ಆ ಕಾಲಿಗೆ ತ್ರಾಸು ಅಂತ ನಾನೇ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ ಒಯ್ದು ಕೈಗೆ ಕೊಟ್ಟೆ. ಇಂಜಿನ್ನು ಗುಂಯ್ ಅನ್ನುತ್ತಲೇ ಇತ್ತು.

“ಉಣ್ಣೋತನಕ ಆರಿಸ್ರಿ. ಎಣ್ಣಿ ಕಾಯತೈತಂತ ಮಿಸ್ತ್ರಿ ಹೇಳಿಲ್ಲೇನು?”

“ಆರಿಸಿದ ಮ್ಯಾಲ ಇಂಜಿನ್ನು ಮತ್ತ ಹತ್ತಲಿಲ್ಲಂದ್ರ?” ಅಂದರು. ರೊಟ್ಟಿ ಮುರಿಯುತ್ತಿದ್ದರು, ಕಣ್ಣು ಬಿತ್ತದೆ ಉಳಿದ ಹೊಲದ ಮೇಲಿತ್ತು. “ನೀನೂ ಲಗೂನ ಉಣ್ಣು.”

ನಾನು ನಿಂತೇ ಉಂಡೆ.